ಪೇಪರ್ ಪ್ಲೇಟ್ ತರುವವಳ ಕಫ್ತಾ

ಒಗ್ಗರಣೆ ಸೌಟಿನಲ್ಲಿ ಎಣ್ಣೆ ಕಾದಿತ್ತು. ಸಾಸಿವೆ ಡಬ್ಬಿಗೆ ಕೈ ಹಾಕಿದ್ದೆ. ಅಷ್ಟರಲ್ಲಿ ನಾದಿಯಾ ಸ್ಟೋವ್ ಆರಿಸಿ, ಸೌಟನ್ನು ಎತ್ತಿ ಸಿಂಕಿನ ಪಕ್ಕ ಇಟ್ಟುಬಿಟ್ಟಳು. ಅವಳ ಪ್ರಕಾರ ನಾನು ಮಾಡಲು ಹೊರಟಿದ್ದು ಅಪರಾಧ.

ಎಳ್ಳಿನ ಸಾಸ್‌ಗೆ ಒಗ್ಗರಣೆ ಹಾಕುವುದು ಅಪರಾಧವೇ? ನೀವೇ ಹೇಳಿ. ಎಳ್ಳು ರುಬ್ಬಿದ್ದೇವೆ, ಬೆಳ್ಳುಳ್ಳಿ ಇದೆ, ನಿಂಬೆರಸ ಇದೆ, ಉಪ್ಪಿದೆ. ನಮ್ಮ ಕಡೆ ಇದಕ್ಕೆ ಚಟ್ನಿ ಅನ್ನುತ್ತಾರೆ. ಚಟ್ನಿ ಎಂದ ಮೇಲೆ ಒಗ್ಗರಣೆ ಬೇಡವೇ? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಹೊಡೆದವಳು ನಾನು (ಈ ಅಂಕಣದಲ್ಲಿ ಇದನ್ನು ಎಷ್ಟು ಸಲ ಹೇಳಿಕೊಂಡಿದ್ದೇನೋ), ವಾದ ಶುರು ಮಾಡಿದೆ. ನಾದಿಯಾ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ನಿಮ್ಮಮ್ಮನ ಚಟ್ನಿಗೆ ನಾನು ಬಂದು ಚೀಸ್ ಹಾಕಿದರೆ ಸುಮ್ಮನಿರುತ್ತೀಯಾ ಎಂದು ಕೇಳಿದಳು.

ಸೋತೆ. ಅಪರೂಪಕ್ಕೆ ಸೋಲುತ್ತೇನೆ.

ನಾದಿಯಾ ಸಿಡ್ನಿಯ ವೆಸ್ಟ್‌ಮೀಡ್‌ನ ನಮ್ಮ ಕಟ್ಟಡದಲ್ಲಿ ನನ್ನ ಕೆಳಗಿನ ಫ್ಲ್ಯಾಟಿನವಳು. ಅಪ್ಪ, ಅಮ್ಮ ಲೆಬನಾನಿನಿಂದ ಬಂದವರು. ಅವಳು ಇಲ್ಲೇ ಹುಟ್ಟಿದವಳು. ಆಸ್ಪತ್ರೆಯಲ್ಲಿ ಫಿಸಿಯೊಥೆರಪಿಸ್ಟ್. ನಾನು ಪ್ಯಾರಮಟ್ಟಾದ ಆಫೀಸೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಅವಳು ಜನರ ಮಂಡಿ ಸರಿ ಮಾಡುತ್ತಾಳೆ, ನಾನು ಜನರ ತಪ್ಪು ಹುಡುಕುತ್ತೇನೆ. ಸಂಬಳ ಕೊಟ್ಟು ಹುಡುಕಿಸುತ್ತಾರೆ ಎನ್ನುವುದಷ್ಟೇ ವಿಶೇಷ.

ಮಳವಳ್ಳಿ ಕಡೆಯ ಹುಡುಗಿ ಲೆಬನೀಸ್ ಕಫ್ತಾ (ಕಡ್ಡಿಗೆ ಮೆತ್ತಿ ಸುಡುವ ಖೈಮಾ) ಕಲಿಯಲು ಹೊರಟಿದ್ದು ಏಕೆ? ಉತ್ತರ: ಪೇಪರ್ ಪ್ಲೇಟು.

ಪ್ರತಿ ಜನವರಿಯ ಕೊನೆಯ ಲಾಂಗ್ ವೀಕೆಂಡಿಗೆ ನಮ್ಮ ಕನ್ನಡದ ಗುಂಪು ಪ್ಯಾರಮಟ್ಟಾದಲ್ಲಿ, ನದಿ ಪಕ್ಕದ ಪಾರ್ಕಿನಲ್ಲಿ ಪಿಕ್ನಿಕ್ ಮಾಡುತ್ತದೆ. ಪಾಟ್‌ಲಕ್. ಪ್ರತಿಯೊಬ್ಬರೂ ಏನಾದರೊಂದು ತರಬೇಕು. ಯಾರು ಏನು ತರಬೇಕೆಂದು ವಸಂತಾ ಆಂಟಿ ಎಲ್ಲರಿಗೂ ಫೋನ್ ಮಾಡಿ ಹೇಳುತ್ತಾರೆ. ಬಂದ ವರ್ಷದಿಂದಲೂ ನನ್ನ ಪಾಲಿಗೆ ಪೇಪರ್ ಪ್ಲೇಟು. ಸೆಕೆ ಜಾಸ್ತಿಯಿದ್ದರೆ ಜೊತೆಗೆ ಐಸು.

ಮೊದಲು ಇದನ್ನು ಕರುಣೆ ಎಂದುಕೊಂಡಿದ್ದೆ. ಒಂಟಿ ಹುಡುಗಿ, ಕೆಲಸದಿಂದ ಸುಸ್ತಾಗಿ ಬರುತ್ತಾಳೆ, ಪಾಪ, ಅಡುಗೆ ಎಲ್ಲಿ ಮಾಡುತ್ತಾಳೆ? ಆದರೆ ನಮ್ಮ ಗುಂಪಿನಲ್ಲಿ ಸುಧೀಂದ್ರ ಎಂಬ ಹುಡುಗನಿದ್ದಾನೆ. ಅವನೂ ಒಂಟಿ. ಟೀ ಮಾಡಲೂ ಬರುವುದಿಲ್ಲ. ಅವನಿಗೆ ಪ್ರತಿ ಸಲ ಕೇಸರಿಬಾತ್. ಕಳೆದ ವರ್ಷ ಅವನು ತಂದ ಕೇಸರಿಬಾತನ್ನು ಚಾಕುವಿನಲ್ಲಿ ಕುಯ್ದು ಹಂಚಬೇಕಾಯಿತು. ಎಲ್ಲರೂ ತಿಂದರು. ಎಷ್ಟು ಮುದ್ದಾಗಿ ಮಾಡಿದ್ದಾನೆ ಎಂದು ಹೊಗಳಿದರು.

ಹಾಗಾದರೆ ಮಾಂಸ ಬೇಯಿಸಿದ ಪಾತ್ರೆಯಲ್ಲಿ ಮಾಡಿದ್ದು ಬೇಡ ಎನ್ನುವುದು ಕಾರಣವೇ? ಅದೂ ನಿಲ್ಲುವುದಿಲ್ಲ. ಸುಧೀಂದ್ರನ ಫ್ರಿಜ್ಜಿನಲ್ಲಿ ಕೋಳಿಯಿಲ್ಲದ ದಿನವನ್ನು ನಾನು ಕಂಡಿಲ್ಲ. ಒಂದೇ ಬಾಣಲೆಯಲ್ಲಿ ಅದೂ, ಕೇಸರಿಬಾತೂ. (ಕ್ಷಮಿಸು ಸುಧೀಂದ್ರ. ನಿಮ್ಮಮ್ಮ ಈ ಅಂಕಣ ಓದುವುದಿಲ್ಲ ಎಂದು ನೀನೇ ಹೇಳಿದ್ದೆ.) ಅವನು ಏನು ತಿನ್ನುತ್ತಾನೆ ಎಂದು ಯಾರೂ ಕೇಳಿಲ್ಲ. ಅವನು ಯಾರ ಮಗ ಎನ್ನುವುದು ಎಲ್ಲರಿಗೂ ಗೊತ್ತು.

ಮೆಲ್ಬರ್ನ್‌ಗೆ ಫೋನ್ ಮಾಡಿದೆ. ಗ್ಲೆನ್ ವೇವರ್ಲಿಯಲ್ಲಿರುವ ರೇಖಾ ನನ್ನ ಹಾಸ್ಟೆಲ್ ಗೆಳತಿ, ಚಾಮರಾಜನಗರದವಳು. ಅವಳ ಕೈಯ ಪುಳಿಯೋಗರೆಗೆ ಹಾಸ್ಟೆಲ್ಲಿನಲ್ಲಿ ಕ್ಯೂ ನಿಲ್ಲುತ್ತಿತ್ತು. ಅಲ್ಲಿನ ಗುಂಪಿನಲ್ಲಿ ಅವಳಿಗೆ ಏನು ಹೇಳುತ್ತಾರೆ ಎಂದು ಕೇಳಿದೆ.

“ನಂಗೆ ಜ್ಯೂಸು ಕಣೇ. ದೊಡ್ಡ ಬಾಟ್ಲು. ಮುಚ್ಚಳ ತೆಗೀಬೇಡ ಅಂತ ಯಾರೂ ಹೇಳಿಲ್ಲ. ಹೇಳೋ ಅವಶ್ಯಕತೇನೂ ಬಂದಿಲ್ಲ,” ಎಂದು ನಕ್ಕಳು.

ನಾನು ನಗಲಿಲ್ಲ. ಪ್ಲೇಟು, ಐಸು, ಜ್ಯೂಸು. ಮೂರರಲ್ಲೂ ಇರುವ ಸಮಾನ ಅಂಶ ಯಾವುದು? ಸೀಲು. ಮೂರೂ ಫ್ಯಾಕ್ಟರಿಯಿಂದ ಮುಚ್ಚಿಕೊಂಡೇ ಬರುತ್ತವೆ. ನಮ್ಮ ಕೈ ತಾಗುವುದು ಹೊರಗಿನ ಪ್ಲಾಸ್ಟಿಕ್ಕಿಗೆ ಮಾತ್ರ.

ಇದಕ್ಕೊಂದು ಹೆಸರಿದೆ. ಪಿಕ್ನಿಕ್‌ನಲ್ಲಿ ಯಾರೂ ಅದನ್ನು ಹೇಳುವುದಿಲ್ಲ, ಎಲ್ಲರೂ ಓದಿದವರು. ನಾನು ಹೇಳುತ್ತೇನೆ. ಜಾತಿ. ಅದಕ್ಕೆ ವೀಸಾ ಕೇಳಿದವರಿಲ್ಲ, ಬಂದ ದಿನವೇ ಕಾಯಂ ವಾಸದ ಪಿಆರ್ ಸಿಕ್ಕಿದೆ.

ಆದರೂ ನಾನು ಸಂಶಯದ ಪ್ರಾಣಿ, ನನ್ನ ಮೇಲೂ ಸಂಶಯ. ಸುಮ್ಮನೆ ಇಲ್ಲದ್ದನ್ನು ಊಹಿಸುತ್ತಿದ್ದೇನೆಯೇ? ಟೆಸ್ಟ್ ಮಾಡಿಯೇ ಬಿಡೋಣ ಎಂದುಕೊಂಡೆ. ಈ ಜನವರಿಯಲ್ಲಿ ಆಂಟಿ ಫೋನ್ ಮಾಡಿದಾಗ, ಈ ಸಲ ಚಿತ್ರಾನ್ನ ತರುತ್ತೇನೆ ಎಂದೆ. ಅನ್ನ, ನಿಂಬೆಹಣ್ಣು, ಕಡಲೇಬೀಜ. ಯಾವ ಪ್ರಾಣಿಗೂ ನೋವಿಲ್ಲ.

“ಅಯ್ಯೋ, ನಿಂಗ್ಯಾಕಮ್ಮ ತೊಂದ್ರೆ? ಪ್ಲೇಟ್ ತಂದ್ಬಿಡು ಸಾಕು, ಬಂಗಾರ.”

ಬಂಗಾರ. ಬಾಯಿಮಾತಿಗೆ ಅಂದದ್ದಲ್ಲ. ಆಂಟಿ ಕೆಟ್ಟವರಾಗಿದ್ದರೆ ಈ ಅಂಕಣ ಎಷ್ಟು ಸುಲಭವಾಗುತ್ತಿತ್ತು! ನಾನು ಸೂಟ್‌ಕೇಸ್ ಹಿಡಿದು ಈ ದೇಶಕ್ಕೆ ಬಂದಿಳಿದಾಗ ರೂಮ್ ಸಿಗುವ ತನಕ ಮನೆಯಲ್ಲಿ ಇಟ್ಟುಕೊಂಡವರು ಅವರು. ಜ್ವರ ಬಂದರೆ ಡಬ್ಬಿಯಲ್ಲಿ ಸಾರು ಕಳಿಸುವವರು ಅವರು. ಅವರ ಕೈಯ ಊಟ ಎಷ್ಟೋ ಉಂಡಿದ್ದೇನೆ. ನನ್ನ ಕೈಯದು ಒಂದು ತುತ್ತೂ ಅವರ ಬಾಯಿಗೆ ಹೋಗಿಲ್ಲ.

ರೇಖಾ ಎಚ್ಚರಿಸಿದಳು. ಈ ಊರಲ್ಲಿ ನಿನಗಿರುವುದೇ ಆ ನಾಲ್ಕು ಮನೆ, ಹಠಕ್ಕೆ ಬಿದ್ದು ಅದನ್ನೂ ಕಳೆದುಕೊಳ್ಳಬೇಡ ಎಂದಳು. ಸರಿಯಾದ ಮಾತೇ. ಹಬ್ಬಕ್ಕೆ ಕರೆಯುವವರು, ಕನ್ನಡದಲ್ಲಿ ಬೈಯುವವರು ನನಗೆ ಬೇರೆ ಯಾರಿದ್ದಾರೆ? ಆದರೆ ಇನ್ನೊಂದು ತರ್ಕವೂ ಇತ್ತು. ಚಿತ್ರಾನ್ನವೇ ಬೇಡವಾದ ಮೇಲೆ ಕುರಿಮಾಂಸ ತಂದರೆ ನನ್ನ ಸ್ಥಾನ ಇನ್ನೆಷ್ಟು ಕೆಳಗಿಳಿದೀತು?

ಹೀಗಾಗಿ ಕಫ್ತಾ.

ಸಂಕ್ರಾಂತಿಗೆ ತಂದ ಬಿಳಿ ಎಳ್ಳು ಉಳಿದಿತ್ತು. ಅದನ್ನು ಚಟ್ನಿಪುಡಿಗೆ ಹುರಿಯುವಂತೆ ಕೆಂಪಗೆ ಹುರಿದೆ. ನಾದಿಯಾ ಮೂಸಿ ನೋಡಿ ಕಸಕ್ಕೆ ಸುರಿಸಿದಳು. ಎರಡನೆಯ ಸಲ ಬರೀ ಬಿಸಿ ಮಾಡಿ, ಊರಿನಿಂದ ಹೊತ್ತು ತಂದ ಮಿಕ್ಸಿಯಲ್ಲಿ ಬೆಣ್ಣೆಯಂತಾಗುವ ತನಕ ರುಬ್ಬಿದೆ. ಬೆಳ್ಳುಳ್ಳಿ ಜಜ್ಜಿ ಹಾಕಿ ನಿಂಬೆರಸ ಹಿಂಡಿದರೆ ಎಲ್ಲ ಗಟ್ಟಿಯಾಗಿ, ಗಂಟುಗಂಟಾಗಿ, ಒಡೆದ ಹಾಲಿನಂತೆ ಕಂಡಿತು. ಚೆಲ್ಲಲು ಹೊರಟೆ. ನಾದಿಯಾ ಹುಬ್ಬು ಹಾರಿಸಿ ತಣ್ಣೀರು ಕೊಟ್ಟಳು. ಸ್ವಲ್ಪ ಸ್ವಲ್ಪವೇ ಹಾಕುತ್ತ ಕಲಸಿದರೆ ಗಂಟೆಲ್ಲ ಕರಗಿ, ಬೆಳ್ಳಗೆ, ನುಣ್ಣಗೆ ಆಯಿತು. ಒಗ್ಗರಣೆಯ ಜಗಳ ನಡೆದದ್ದು ಆಗಲೇ.

ಖೈಮಾದಲ್ಲೂ ಜಗಳ. ನಮ್ಮಮ್ಮ ಭಾನುವಾರ ಮಾಡುವ ಖೈಮಾ ಉಂಡೆಗೆ ಹುರಿಗಡಲೆ ಪುಡಿ ಬೇಕೇ ಬೇಕು, ಇಲ್ಲದಿದ್ದರೆ ಉಂಡೆ ಬಿಟ್ಟುಕೊಳ್ಳುತ್ತದೆ. ನಾದಿಯಾಳಿಗೆ ಹುರಿಗಡಲೆಯೂ ಬೇಡ, ಮೊಟ್ಟೆಯೂ ಬೇಡ. ಹಿಂಡಿದ ಈರುಳ್ಳಿ, ಪಾರ್ಸ್ಲಿ ಸೊಪ್ಪು, ಚೂರು ಚಕ್ಕೆ ಪುಡಿ, ಮೆಣಸು, ಉಪ್ಪು. ಮತ್ತೆ ಅಂಟುವುದು ಹೇಗೆ? ಕೈಯಿಂದ ನಾದು, ಅಂಟುತ್ತದೆ ಎಂದಳು. ಚಮಚ ತೆಗೆದುಕೊಂಡೆ, ಕಿತ್ತುಕೊಂಡಳು. ಮೊಣಕೈ ನೋಯುವ ತನಕ ನಾದಿದೆ. ನಿಜ, ಅಂಟಿತು.

ಪಿಕ್ನಿಕ್ ದಿನ ನಾದಿಯಾಳನ್ನೂ ಕರೆದುಕೊಂಡು ಹೋದೆ. ಅವಳ ಮನೆಯ ಚಪ್ಪಟೆ ಕಬ್ಬಿಣದ ಕಡ್ಡಿಗಳು, ನನ್ನ ಖೈಮಾ, ಒಂದು ಡಬ್ಬಿ ಎಳ್ಳಿನ ಸಾಸ್, ಮತ್ತು ಹೌದು, ಪೇಪರ್ ಪ್ಲೇಟು. ಗುಂಪಿನವರು ಪಾರ್ಕಿನಲ್ಲಿ ಎಲ್ಲರ ಬಳಕೆಗೆ ಇಟ್ಟಿರುವ ಎಲೆಕ್ಟ್ರಿಕ್ ಬಾರ್ಬೆಕ್ಯೂ ಒಂದನ್ನು ಉಜ್ಜಿ ತೊಳೆದು, ಮೇಲೆ ಫಾಯಿಲ್ ಹಾಸಿ ಜೋಳದ ತೆನೆ ಸುಡುತ್ತಿದ್ದರು. (ಹಿಂದಿನ ದಿನ ಅದರ ಮೇಲೆ ಯಾರ ಸಾಸೇಜ್ ಬೆಂದಿತ್ತೋ! ಊರೆಲ್ಲ ಮುಟ್ಟಿದ ಕಾವಲಿ ಒಂದು ಫಾಯಿಲಿಗೆ ಶುದ್ಧವಾಗುತ್ತದೆ. ನನ್ನ ಕೈಗೆ ಯಾವ ಫಾಯಿಲು?) ಅವರಿಗೆ ಹೊಗೆ ತಾಗಬಾರದೆಂದು ನಾವು ಆಚೆ ತುದಿಯ ಬಾರ್ಬೆಕ್ಯೂ ಹಿಡಿದೆವು. ಬೇಡದವರ ಬಾಯಿಗೆ ತುರುಕುವುದು ನನ್ನ ವಾದವಲ್ಲ. ಸಾಸ್ ಮಾತ್ರ ಎಲ್ಲರ ತಿಂಡಿಯ ಮೇಜಿನ ಮೇಲೆ ಇಟ್ಟೆ. ಅದರಲ್ಲಿ ಬೇಡವೆನ್ನಲು ಏನಿತ್ತು?

ಕಫ್ತಾದ ವಾಸನೆ ಎದ್ದಿತು. ಸುಧೀಂದ್ರ ತಟ್ಟೆ ಹಿಡಿದು ಬಂದ. ಆ ಕಡೆಯವರಿಗೆ ಕಾಣದ ಹಾಗೆ ಎರಡು ಹಾಕು ಎಂದ. ಎಲ್ಲರ ಎದುರಿಗೇ ನಿಂತು ತಿನ್ನುವುದಾದರೆ ಹಾಕುತ್ತೇನೆ ಎಂದೆ. ಅವನು ಯೋಚನೆ ಮಾಡಿ ಮರದ ಹಿಂದೆ ಹೋಗಿ ನಿಂತ. ತಟ್ಟೆ ಮಾತ್ರ ಮರದಿಂದ ಈಚೆಗೆ ಚಾಚಿಕೊಂಡಿತ್ತು. ಬಡಿಸಿದೆ. ವಾದ ಬೇರೆ, ಹಸಿವು ಬೇರೆ.

ನಾನು ಮೇಜಿನ ಹತ್ತಿರ ಬರುವಷ್ಟರಲ್ಲಿ ವಸಂತಾ ಆಂಟಿ ಮತ್ತು ನಾದಿಯಾ ಮಾತಿಗೆ ಇಳಿದಿದ್ದರು. ಆಂಟಿ ಅತಿಥಿಗಳನ್ನು ಬಿಡುವವರಲ್ಲ. ನಾದಿಯಾಳ ತಟ್ಟೆಗೆ ಬಿಸಿಬೇಳೆ ಬಾತ್ ಬಡಿಸಿ, ಇದರಲ್ಲಿ ಏನಿದೆ ಎಂದು ಸಾಸಿನ ಕಡೆ ಕೈ ತೋರಿಸಿದರು. ಬರೀ ಎಳ್ಳು, ನಿಂಬೆ, ಬೆಳ್ಳುಳ್ಳಿ ಎಂದು ನಾದಿಯಾ ಡಬ್ಬಿಯನ್ನು ಮುಂದೆ ಹಿಡಿದಳು. ಆಂಟಿ ಚಕ್ಕುಲಿ ಮುರಿದು ಅದ್ದಿ ತಿಂದರು. ಕಣ್ಣರಳಿತು. ಇನ್ನೊಂದು ಚೂರು ಮುರಿದು ಅದ್ದಿದರು. ರೆಸಿಪಿ ಕೊಡಲೇಬೇಕು ಎಂದು ಇಂಗ್ಲಿಷಿನಲ್ಲಿ ದುಂಬಾಲು ಬಿದ್ದರು.

ನಾದಿಯಾ ನನ್ನತ್ತ ಕೈ ಮಾಡಿ, ಅವಳನ್ನೇ ಕೇಳಿ, ಮಾಡಿದ್ದು ಅವಳು, ನಾನು ಪಕ್ಕದಲ್ಲಿ ನಿಂತು ಬೈದದ್ದು ಅಷ್ಟೇ ಎಂದಳು.

ಎರಡನೆಯ ಚೂರು ಆಂಟಿಯ ಬೆರಳಲ್ಲೇ ಉಳಿಯಿತು.

“ಹೌದಾ... ಚೆನ್ನಾಗಿದೆ ಕಣಮ್ಮ,” ಎಂದರು. ಆ ಚೂರನ್ನು ತಟ್ಟೆಯ ಅಂಚಿಗಿಟ್ಟು, ನೀರಿದೆಯಾ ನೋಡ್ತೀನಿ ಎಂದು ಎದ್ದು ಹೋದರು. ನೀರಿನ ಕ್ಯಾನ್ ಅವರ ಪಕ್ಕದಲ್ಲೇ ಇತ್ತು.

ಲೆಬನಾನಿನ ಹುಡುಗಿ ಮಾಡಿದ್ದು ಎಂದುಕೊಂಡಾಗ ಗಂಟಲಲ್ಲಿ ಸಲೀಸಾಗಿ ಇಳಿದದ್ದು ಮಳವಳ್ಳಿಯ ಹುಡುಗಿ ಮಾಡಿದ್ದು ಎಂದ ಕೂಡಲೇ ಅಲ್ಲೇ ನಿಂತಿತು. ಅವರ ಭಾಷೆ ಆಡುವವಳು ನಾನು. ಸಂಕ್ರಾಂತಿ ಎಳ್ಳು ಅವರದೂ ನನ್ನದೂ ಒಂದೇ. ದೂರದವರು ಪರವಾಗಿಲ್ಲ, ಹತ್ತಿರದವರೇ ದೂರ! ಇದನ್ನು ಸಮರ್ಥಿಸಿ ಒಂದೇ ಒಂದು ವಾದ ಮಂಡಿಸುವವರಿದ್ದರೆ ಬರಲಿ, ನನ್ನ ಕಪ್ಪುಗಳನ್ನೆಲ್ಲ ಅವರಿಗೇ ಕೊಟ್ಟುಬಿಡುತ್ತೇನೆ.

ಮನೆಗೆ ಬರುವಾಗ ನಾದಿಯಾ, ಸಾಸಿಗೆ ಉಪ್ಪು ಜಾಸ್ತಿಯಾಗಿತ್ತಾ ಎಂದು ಕೇಳಿದಳು. ಅವಳಿಗೆ ಏನೆಂದು ವಿವರಿಸಲಿ? ಇಲ್ಲ, ಸರಿಯಾಗಿತ್ತು ಎಂದೆ.

ಆಮೇಲೆ ಕೆಲವು ವಾರ ಆಂಟಿಯ ಫೋನ್ ಬರಲಿಲ್ಲ. ರೇಖಾ ಹೇಳಿದಂತೆ ನಾಲ್ಕು ಮನೆ ಕಳೆದುಕೊಂಡೆ ಎಂದುಕೊಂಡೆ. ಸುಳ್ಳೇಕೆ, ಎರಡು ಸಲ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟೆ. ಕ್ಷಮೆ ಕೇಳಲು ಏನೂ ಸಿಗಲಿಲ್ಲ.

ಕಳೆದ ವಾರ ಅವರೇ ಮಾಡಿದರು. ದನಿಯಲ್ಲಿ ಅದೇ ಅಕ್ಕರೆ. ಯುಗಾದಿ ಊಟ ಅವರ ಮನೆಯಲ್ಲಂತೆ, ಬರಲೇಬೇಕಂತೆ. ಏನು ತರಲಿ ಎಂದೆ. ಪಿಕ್ನಿಕ್ಕಿನ ಮಾತು ಇಬ್ಬರೂ ಎತ್ತಲಿಲ್ಲ. ಆಂಟಿ, “ಪ್ಲೇಟ್ ತಂದ್ಬಿಡಮ್ಮ,” ಎಂದರು.

ತರುತ್ತೇನೆ ಎಂದೆ. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದೆ.

“ಸೀಲ್ ಒಡೆದು ತರ್ಲಾ ಆಂಟಿ, ಒಡೀದೇ ತರ್ಲಾ?”