ನಲ್ಲಿಯಣ್ಣನ ಮನೆಯ ಪೈಪು

ಆ ಬೀದಿಯವರು ಅವನನ್ನು ಹೆಸರು ಹಿಡಿದು ಕರೆದು ಎಷ್ಟು ಕಾಲವಾಯಿತೋ, ಅವನಿಗೇ ನೆನಪಿಲ್ಲ. ನಲ್ಲಿಯಣ್ಣ ಎಂದರೆ ಮುಗಿಯಿತು. ಯಾರ ಮನೆಯಲ್ಲಿ ನೀರು ನಿಂತರೂ, ಯಾರ ಮನೆಯಲ್ಲಿ ನೀರು ನಿಲ್ಲದೇ ಹೋದರೂ ಅವನೇ ಬೇಕು. ಅಂಥವನ ಮನೆಯಲ್ಲೇ ವಾಷಿಂಗ್ ಮೆಷಿನ್ನಿಗೆ ನೀರು ಹೋಗುವ ಪೈಪು ಸೀಳಿ, ಹೆಂಡತಿ ವಾರದಿಂದ ಕೈಯಲ್ಲೇ ಬಟ್ಟೆ ಒಗೆಯುತ್ತಿದ್ದಳು. ಬೇರೆ ಸಮಯವಾಗಿದ್ದರೆ ಎದುರುಮನೆಯಾಕೆ ‘ದೀಪದ ಬುಡದಲ್ಲೇ ಕತ್ತಲೆ’ ಎಂದು ನಕ್ಕುಬಿಡುತ್ತಿದ್ದಳು. ಈಗ ಅವಳೂ ಬಾಯಿ ಮುಚ್ಚಿಕೊಂಡಿದ್ದಳು.

ಚಳಿ ಶುರುವಾಗುವ ಮುಂಚೆ ಒಂದು ಬೆಳಗ್ಗೆ, ಹಲ್ಲುಜ್ಜುತ್ತಿದ್ದವನ ಕೈಯಿಂದ ಬ್ರಷ್ಷು ಜಾರಿತ್ತು. ಜಾರಿದ್ದು ತಿಳಿದದ್ದು ಅದು ನೆಲಕ್ಕೆ ಬಿದ್ದ ಸದ್ದಿನಿಂದ. ಪಾರ್ಶ್ವವಾಯು ಎಂದರು ಆಸ್ಪತ್ರೆಯವರು. ಬಲಗಾಲು ನಡೆಯುವಂತಾಯಿತು, ಬಲಗೈಗೆ ಬಲವೂ ಬಂತು. ಸ್ಪರ್ಶ ಮಾತ್ರ ಬರಲಿಲ್ಲ. ಮರಗಟ್ಟಿದ್ದು ಕೈಯೊಂದೇ ಆಗಿದ್ದರೆ ಹೇಗೋ ಆಗುತ್ತಿತ್ತು. ಮಗಳು ಬಂದು ಅತ್ತಳು, ಹೆಂಡತಿ ಅತ್ತಳು. ಅವನಿಗೆ ಅಳುವೂ ಇಲ್ಲ, ಸಿಟ್ಟೂ ಇಲ್ಲ. ಊಟ ಹೇಗಿದೆ ಎಂದು ಕೇಳಿದರೆ ‘ಇದೆ’ ಎನ್ನುತ್ತಿದ್ದ.

ಅವನನ್ನು ಕೆಲಸಕ್ಕೆ ಕರೆಯುತ್ತಿದ್ದ ಮೇಸ್ತ್ರಿ ಒಳ್ಳೆಯ ಮನುಷ್ಯ. ಹೊಸ ಕಟ್ಟಡವೊಂದರ ನೀರಿನ ಕೆಲಸ ಹಿಡಿದಿದ್ದರೂ ನಲ್ಲಿಯಣ್ಣನ ಜಾಗವನ್ನು ಇನ್ನೂ ಯಾರಿಗೂ ಕೊಟ್ಟಿರಲಿಲ್ಲ. ‘ಬರ್ತೀಯೋ ಇಲ್ವೋ, ಭಾನುವಾರ ಹೇಳಿಬಿಡಣ್ಣ’ ಎಂದಿದ್ದ. ಆ ಭಾನುವಾರ ಬಂದಿತ್ತು. ಎದ್ದವನೇ ನಲ್ಲಿಯಣ್ಣ ಯಾರಿಗೂ ಹೇಳದೆ ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡ: ಈ ಪೈಪು ನಾನೇ ಹಾಕಿದರೆ ಕೆಲಸಕ್ಕೆ ಹೋಗುವುದು, ಇಲ್ಲದಿದ್ದರೆ ಇಲ್ಲ.

ಹಳೆಯದನ್ನು ಬಿಚ್ಚಿದ್ದಾಯಿತು. ಬಿಚ್ಚುವುದಕ್ಕೆ ಯಾವ ವಿದ್ಯೆಯೂ ಬೇಡ. ಹೊಸ ಪೈಪಿನ ತುದಿಯಲ್ಲಿರುವುದು ಪ್ಲಾಸ್ಟಿಕ್ ನಟ್ಟು. ಒಂದು ಕೈಯಲ್ಲಿ ಪೈಪನ್ನು ನೆಟ್ಟಗೆ ಹಿಡಿದು, ಇನ್ನೊಂದು ಕೈಯಲ್ಲಿ ನಟ್ಟನ್ನು ನಲ್ಲಿಯ ಬಾಯಿಗಿಟ್ಟು, ಮೊದಲು ಸ್ವಲ್ಪ ಹಿಂದಕ್ಕೆ ತಿರುಗಿಸಬೇಕು. ನಲ್ಲಿಯ ಸುರುಳಿಗೆರೆಗೆ ನಟ್ಟಿನ ಗೆರೆ ಕೂತಾಗ ಬೆರಳ ತುದಿಗೆ ಸಣ್ಣದೊಂದು ಇಳಿತ ಸಿಗುತ್ತದೆ. ಅದು ಸಿಕ್ಕಮೇಲೆ ಮುಂದಕ್ಕೆ ತಿರುಗಿಸುವುದು ಯಾರಿಗಾದರೂ ಬರುತ್ತದೆ. ಸಿಗದೆ ತಿರುಗಿಸಿದರೆ ನಟ್ಟು ವಾರೆಯಾಗಿ ಹತ್ತುತ್ತದೆ.

ವಾರೆಯಾಗಿಯೇ ಹತ್ತಿತು. ನಲ್ಲಿ ತಿರುಗಿಸಿದ ಕೂಡಲೇ ನೀರು ಚಿಮ್ಮಿ ಮುಖಕ್ಕೆ ಹೊಡೆಯಿತು. ಬಿಚ್ಚಿ ಮತ್ತೆ ಹಾಕಿದ. ಈ ಸಲ ಗೋಡೆ ನೆನೆಯಿತು. ಕೈ ಬದಲಾಯಿಸಿ ಎಡಗೈಯಲ್ಲಿ ನಟ್ಟು ತಿರುಗಿಸಲು ನೋಡಿದ. ಆಗ ಬಲಗೈ, ತಾನು ಹಿಡಿದಿದ್ದ ಪೈಪನ್ನು ಒಂದು ಮಾತೂ ಹೇಳದೆ ಬಿಟ್ಟುಬಿಟ್ಟಿತು. ಅವನು ಬಿದ್ದ ಪೈಪನ್ನು ನೋಡುತ್ತಾ ನಿಂತ. ಬೇಸರವಾಗಬೇಕಿತ್ತು, ಆಗಲಿಲ್ಲ.

ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದಳು.

“ರೀ, ಯಾರನ್ನಾದ್ರೂ ಕರೆಸೋಣ್ವಾ?”

“ಯಾರನ್ನ? ನಲ್ಲಿಯಣ್ಣನ್ನಾ?”

ಅವಳಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಸೆರಗು ಸಿಕ್ಕಿಸಿಕೊಂಡು ಮೆಷಿನ್ನಿಗೂ ಗೋಡೆಗೂ ನಡುವಿನ ಸಂದಿಗೆ ತೂರಿದಳು.

“ಹೇಳಿ, ಏನು ಮಾಡ್ಬೇಕು?”

“ಹಿಂದಕ್ಕೆ ತಿರುಗಿಸು.”

“ಬಿಚ್ಚೋ ಕಡೆಗಾ? ಹಾಕೋಕೆ ಬಂದು ಬಿಚ್ಚೋದಾ?”

“ಹ್ಞೂಂ. ನಿಧಾನಕ್ಕೆ. ಕೂತಾಗ ಬೆರಳಿಗೆ ಗೊತ್ತಾಗುತ್ತೆ.”

“ಏನಂತ ಗೊತ್ತಾಗುತ್ತೆ?”

ನಲ್ಲಿಯಣ್ಣ ಬಾಯಿ ತೆರೆದ. ಇಷ್ಟು ವರ್ಷ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಬೆರಳಿಗೆ ತಿಳಿದಿದ್ದನ್ನು ಬಾಯಿಗೆ ಯಾವತ್ತೂ ಹೇಳಿಕೊಟ್ಟಿರಲಿಲ್ಲ. “ಗೊತ್ತಾಗುತ್ತೆ ಕಣೇ,” ಎಂದಷ್ಟೇ ಅಂದ.

ಅವಳು ತುಟಿ ಕಚ್ಚಿಕೊಂಡು ತಿರುಗಿಸಿದಳು. ನಿಲ್ಲಿಸಿದಳು. ಮತ್ತೆ ತಿರುಗಿಸಿದಳು. ಇದ್ದಕ್ಕಿದ್ದಂತೆ ಅವಳ ಮುಖ ಅರಳಿತು.

“ಅಯ್ಯೋ, ಗೊತ್ತಾಯ್ತು ರೀ! ಒಳಗಿಳೀತು!”

ಎಷ್ಟೋ ತಿಂಗಳ ಮೇಲೆ ನಲ್ಲಿಯಣ್ಣನಿಗೆ ಏನೋ ಒಂದು ಅನ್ನಿಸಿತು. ಸಂತೋಷವಲ್ಲ. ಹೊಟ್ಟೆಕಿಚ್ಚು. ಕಟ್ಟಿಕೊಂಡ ಹೆಂಡತಿಯ ಬೆರಳುಗಳ ಮೇಲೆ ಹೊಟ್ಟೆಕಿಚ್ಚು. ನಾಚಿಕೆಯಾಗಿ ಅವನು ಬೇರೆ ಕಡೆ ನೋಡಿದ.

ನಲ್ಲಿ ತಿರುಗಿಸಿದರು. ಒಂದು ಹನಿಯೂ ಸೋರಲಿಲ್ಲ. ಮೆಷಿನ್ನಿಗೆ ನೀರು ಬೀಳತೊಡಗಿತು. ಹೆಂಡತಿ ಬಟ್ಟೆ ಹಿಡಿದು ನೆಲ ಒರೆಸಲು ಕೂತಳು. ಅವನು ಎಡಗೈಯಲ್ಲಿ ಫೋನ್ ತೆಗೆದುಕೊಂಡು ಮೇಸ್ತ್ರಿಗೆ ಕರೆ ಮಾಡಿದ.

“ಏನಣ್ಣಾ, ನೀರಿನ ಸದ್ದು ಕೇಳ್ತಿದೆ! ಕೆಲಸ ಶುರು ಮಾಡೇಬಿಟ್ಯಾ?”

“ನಾನಲ್ಲ. ಮೆಷಿನ್ ಪೈಪ್ ಹೋಗಿತ್ತು, ಇವಳು ಹಾಕಿದ್ಳು.”

“ಅತ್ತಿಗೇನಾ? ಸೋರ್ತಿಲ್ಲ ತಾನೇ?”

“ಇಲ್ಲ. ಚೆನ್ನಾಗಿ ಹಾಕಿದಾಳೆ.”

ಮೇಸ್ತ್ರಿಯ ನಗು ಫೋನಿನಿಂದಾಚೆಗೂ ಕೇಳಿಸಿತು. “ಹಾಗಾದ್ರೆ ನಾಳೆ ಅತ್ತಿಗೇನೇ ಕಳ್ಸಣ್ಣ!”

ಕೆಳಗೆ ಕೂತಿದ್ದ ಹೆಂಡತಿಯೂ ನಕ್ಕಳು. ನಗುತ್ತಲೇ ತಲೆಯೆತ್ತಿ ಗಂಡನ ಮುಖ ನೋಡಿದಳು. ಒರೆಸುತ್ತಿದ್ದ ಕೈ ನಿಂತಿತು.

“ಅವಳು ಬರಲ್ಲ ಮೇಸ್ತ್ರಿ,” ಎಂದ ನಲ್ಲಿಯಣ್ಣ. “ನಾನೂ ಬರಲ್ಲ.”