ಒಂದಕ್ಷರದ ಕೇಸು

ನಮ್ಮ ಲ್ಯಾಬಿನಲ್ಲಿ ಅವರನ್ನು ಎಲ್ಲರೂ ಬಾಕಿಯಕ್ಕ ಎಂದೇ ಕರೆಯುವುದು. ಇಲ್ಲಿಗೆ ಬರುವ ರೋಗಿಗಳ ಕೇಸುಗಳಲ್ಲಿ ಅರ್ಧಕ್ಕರ್ಧ ಉತ್ತರ ಸಿಗದೆ ಉಳಿಯುತ್ತವೆ. ನಾವು ಅವನ್ನು ಮರೆಯುತ್ತೇವೆ, ಅವರು ಮರೆಯುವುದಿಲ್ಲ. ಶುಕ್ರವಾರ ಊಟವಾದ ಮೇಲೆ ನಾವೆಲ್ಲ ಕಾಫಿ ಹಿಡಿದು ಮೇಲಿನವರನ್ನು ಬೈದುಕೊಳ್ಳುವ ಹೊತ್ತಿನಲ್ಲಿ ಬಾಕಿಯಕ್ಕ ಕನ್ನಡಕವನ್ನು ಹಣೆಗೇರಿಸಿ, ಯಾವುದಾದರೂ ಹಳೆಯ ಕೇಸು ತೆರೆದು, ಪರದೆಗೆ ಮೂಗು ತಾಗುವಂತೆ ಬಾಗಿ ಕೂರುತ್ತಾರೆ. ಯಾರೂ ಹೇಳಿ ಮಾಡಿಸಿದ್ದಲ್ಲ, ಯಾರೂ ಬೇಡವೆಂದದ್ದೂ ಇಲ್ಲ.

ಮೊದಲು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದರಂತೆ. ಪಾಠಕ್ಕಿಂತ ಹಾಜರಿ ಕೂಗುವುದೇ ಹೆಚ್ಚಾಯಿತೆಂದು ಬಿಟ್ಟು ಬಂದರು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ನಗುಮೊಗದ ಮನುಷ್ಯ. ಮದುವೆಯಾದ ವರ್ಷದ ಜಗಳವನ್ನೂ ಇವಳು ಇನ್ನೂ ಬಾಕಿ ಇಟ್ಟುಕೊಂಡಿದ್ದಾಳೆ ಎಂದು ಸಿಕ್ಕವರಿಗೆಲ್ಲ ಹೇಳುತ್ತಾರೆ. ಬಾಕಿಯಕ್ಕ ಅದನ್ನು ಅಲ್ಲಗಳೆಯುವುದಿಲ್ಲ.

ರಕ್ತದಿಂದ ಡಿಎನ್‌ಎ ತೆಗೆದು, ಚೂರು ಮಾಡಿ ಯಂತ್ರಕ್ಕಿಟ್ಟರೆ ಅದು ಕೋಟಿಗಟ್ಟಲೆ ಚೂರುಗಳನ್ನು ಒಟ್ಟಿಗೇ ಓದಿ ಹಾಕುತ್ತದೆ. ಕಂಪ್ಯೂಟರ್ ಅವನ್ನು ಜೋಡಿಸುತ್ತದೆ. ಕ್ಯಾನ್ಸರ್ ಗಡ್ಡೆಯ ಚೂರು ಬಂದರೆ ಯಾವ ಔಷಧಿ ನಾಟಬಹುದು, ಕಫ ಬಂದರೆ ಅದರಲ್ಲಿರುವ ರೋಗಾಣು ಯಾವ ಔಷಧಿಗೆ ಜಗ್ಗುವುದಿಲ್ಲ ಎಂದೆಲ್ಲ ಹೀಗೆ ಓದಿಯೇ ಹೇಳುತ್ತೇವೆ. ಆದರೆ ಯಂತ್ರ ಓದುತ್ತದೆ ಅಷ್ಟೆ, ಅರ್ಥ ಹೇಳುವುದಿಲ್ಲ. ಡಿಎನ್‌ಎ ಎಂಬ ಬರಹದಲ್ಲಿ ಒಬ್ಬೊಬ್ಬರಿಗೂ ಲಕ್ಷಾಂತರ ಅಕ್ಷರ ಬೇರೆ ಇರುತ್ತವೆ. ಕಾಯಿಲೆ ತಂದದ್ದು ಅವುಗಳಲ್ಲಿ ಯಾವುದು ಎಂದು ಮನುಷ್ಯರೇ ಕೂತು ಹೆಕ್ಕಬೇಕು. ಹೆಕ್ಕುವುದು ಬಾಕಿಯಕ್ಕನ ಕೆಲಸ, ಹೆಕ್ಕಿದ್ದನ್ನು ಮನೆಯವರಿಗೆ ಬಿಡಿಸಿ ಹೇಳುವುದು ನನ್ನ ಕೆಲಸ.

ನಾನು ಈ ಕೆಲಸಕ್ಕೆ ಬರುವ ಮೊದಲೇ ಬಂದಿದ್ದ ಕೇಸು ಅದು. ಒಂದು ಹೆಣ್ಣುಮಗು. ಕತ್ತು ನಿಲ್ಲಲಿಲ್ಲ, ದಿನಾ ಫಿಟ್ಸ್ ಬರುತ್ತಿತ್ತು, ಮೂರು ವರ್ಷ ತುಂಬುವ ಮೊದಲೇ ತೀರಿಕೊಂಡಿತು. ಬದುಕಿದ್ದಾಗ ರಕ್ತ ಓದಿಸಿದಾಗ ಒಂದು ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದ್ದು ಕಂಡಿತ್ತು. ಆ ಜೀನಿನ ಕೆಲಸವೇನೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಅರ್ಥ ಖಚಿತವಿಲ್ಲ ಎಂದು ಬಾಕಿಯಕ್ಕ ಬರೆದು ಕಳಿಸಿದರು. ಮಗುವನ್ನು ನೋಡುತ್ತಿದ್ದ ಡಾಕ್ಟರು ಹುಷಾರಿನ ಮನುಷ್ಯ. ಇದು ನಿಮ್ಮಿಬ್ಬರಲ್ಲಿ ಯಾರಿಂದಲೋ ಬಂದಿರಬಹುದು, ಇನ್ನೊಂದು ಮಗುವಿನ ವಿಚಾರ ಚೆನ್ನಾಗಿ ಯೋಚಿಸಿ ಎಂದರು. ಗಂಡ ಹೆಂಡತಿಗೆ ಅದು ಬೇಡ ಎಂದಂತೆಯೇ ಕೇಳಿಸಿತು. ಗಂಡನ ಅಕ್ಕನಂತೂ, ನಮ್ಮ ಕಡೆ ಇಂಥದ್ದು ಯಾರಿಗೂ ಇಲ್ಲಪ್ಪ ಎಂದು ನೆಂಟರಿಗೆಲ್ಲ ಸಾರಿಕೊಂಡು ಬಂದಳಂತೆ. ಎಲುಬಿಲ್ಲದ ನಾಲಿಗೆ.

ಆಮೇಲೆ ಆ ತಾಯಿ ವರ್ಷಕ್ಕೊಂದು ಸಲ ಫೋನ್ ಮಾಡುತ್ತಿದ್ದಳು. ಕೇಳುತ್ತಿದ್ದುದು ಒಂದೇ ಮಾತು, ಅದು ನನ್ನಿಂದ ಬಂದದ್ದಾ ಅಂತ. ಇನ್ನೂ ಗೊತ್ತಾಗಿಲ್ಲ ಕಣಮ್ಮ ಎಂದರೆ, ತೊಂದರೆ ಕೊಟ್ಟೆ ಎಂದು ಫೋನಿಡುತ್ತಿದ್ದಳು. ಅವತ್ತೆಲ್ಲ ಬಾಕಿಯಕ್ಕ ಹತ್ತಿರ ಹೋದವರ ಮೇಲೆ ಹರಿಹಾಯುವರು. ನಾವು ದೂರವೇ ಇರುತ್ತಿದ್ದೆವು.

ಈಚೆಗೆ ಒಂದು ಶುಕ್ರವಾರ ಅವರು ಆ ಕೇಸು ತೆರೆದರು. ಅಷ್ಟರಲ್ಲಿ ಬೇರೆ ದೇಶಗಳ ಸಂಶೋಧಕರು ಅದೇ ಜೀನು ಕೆಟ್ಟ ಹಲವು ಮಕ್ಕಳ ವಿವರ ಪ್ರಕಟಿಸಿದ್ದರು. ಅವೇ ಫಿಟ್ಸು, ನಿಲ್ಲದ ಅದೇ ಕತ್ತು. ಇನ್ನು ಅಪ್ಪ ಅಮ್ಮನ ರಕ್ತ ನೋಡಿದರೆ ಮುಗಿಯಿತು. ರಕ್ತ ಕೊಡಲು ಕರೆಯೋಣವೆಂದು ನಾನು ಫೋನಿಗೆ ಕೈ ಹಾಕಿದೆ. ಬಾಕಿಯಕ್ಕ ಬೇಡವೆಂದು ಎದ್ದು ಫ್ರೀಜರ್ ಕೋಣೆಗೆ ಹೋದರು. ಮಗುವಿನ ಜೊತೆ ಅಪ್ಪ ಅಮ್ಮನ ರಕ್ತವನ್ನೂ ತೆಗೆದಿಡುವುದು ಇಲ್ಲಿನ ವಾಡಿಕೆ. ಓದುವುದು ಮಗುವಿನದನ್ನು ಮಾತ್ರ. ಬೇಕಾದರೆ ಇರಲಿ ಎಂದು ಇಟ್ಟದ್ದನ್ನು ಬೇಕು ಎನ್ನುವವರಿಲ್ಲದೆ ಅಲ್ಲೇ ಬಿಟ್ಟಿರುತ್ತೇವೆ.

ಎರಡನ್ನೂ ಓದಿಸಿದೆವು. ಬದಲಾದ ಅಕ್ಷರ ಅಪ್ಪನಲ್ಲೂ ಇಲ್ಲ, ಅಮ್ಮನಲ್ಲೂ ಇಲ್ಲ. ಮಗುವಿನಲ್ಲೇ ಹೊಸದಾಗಿ ಆದದ್ದು, ಯಾರೂ ದಾಟಿಸಿದ್ದಲ್ಲ. ನನಗೆ ಖುಷಿಯಾಗಿ ಕುಣಿಯುವಂತಾಯಿತು. ಬಾಕಿಯಕ್ಕ ಮಾತ್ರ ಪರದೆ ಆರಿಸಿಬಿಟ್ಟರು.

ನಾವು ಕರೆದಾಗ ಆ ತಾಯಿ ಒಬ್ಬಳೇ ಬಂದಳು. ಐವತ್ತರ ಹತ್ತಿರ ಇರಬೇಕು, ಬೈತಲೆಯ ಎರಡೂ ಕಡೆ ನರೆತಿತ್ತು. ನನ್ನ ಮಾತಾದ ಮೇಲೆ ಇನ್ನೊಮ್ಮೆ ಹೇಳಿ ಎಂದಳು. ಹೇಳಿದೆ.

"ಹಾಗಾದ್ರೆ ನನ್ನಿಂದ ಅಲ್ಲ," ಎಂದು ಕುರ್ಚಿಗೆ ಒರಗಿದಳು. ನಕ್ಕಳು ಕೂಡ. ಅಲ್ಲಿಗೆ ಮುಗಿಸಿಬಿಡೋಣ ಎಂದು ನಾನು ಕಾಗದ ಜೋಡಿಸತೊಡಗಿದೆ.

ಆಕೆ ಎದ್ದಿರಲಿಲ್ಲ. ಇನ್ನೊಂದು ಮಗು ಮಾಡಿಕೊಳ್ಳಬಹುದಿತ್ತಾ ಎಂದು ಕೇಳಿದಳು. ಅದನ್ನೆಲ್ಲ ಈಗ ಹೇಳುವುದು ಕಷ್ಟ ಎಂದು ನಾನು ರಾಗ ಎಳೆದೆ. ಬಾಕಿಯಕ್ಕ ನನ್ನ ಮಾತು ತಡೆದರು.

"ಮಾಡ್ಕೋಬಹುದಿತ್ತು ಕಣಮ್ಮ. ನೂರಕ್ಕೆ ತೊಂಬತ್ತೊಂಬತ್ತು ಪಾಲು ಈ ಕಾಯಿಲೆ ಬರ್ತಿರ್ಲಿಲ್ಲ."

ಪಾಪ, ಆಕೆ ತಾನೇ ನಮಗೊಂದು ದಾರಿ ಮಾಡಿಕೊಡಲು ನೋಡಿದಳು. "ಆಗ ಯಾರಿಗೂ ಗೊತ್ತಾಗೋ ಹಾಗಿರ್ಲಿಲ್ಲ, ಅಲ್ವಾ?"

ಬಾಕಿಯಕ್ಕ ಹೌದು ಎನ್ನಲಿ ದೇವರೇ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಕಾಯಿಲೆ ಯಾವುದು ಅಂತ ಗೊತ್ತಾಗ್ತಿರ್ಲಿಲ್ಲ," ಎಂದರು ಬಾಕಿಯಕ್ಕ. "ನಿಮ್ಮಿಬ್ಬರಿಂದ ಬಂದದ್ದಲ್ಲ ಅನ್ನೋದು ಗೊತ್ತಾಗ್ತಿತ್ತು. ನಿಮ್ಮ ರಕ್ತ ಆವತ್ತೇ ತಗೊಂಡಿದ್ವಿ. ಓದಿರ್ಲಿಲ್ಲ. ಓದಿಸಬೇಕು ಅಂತ ನನಗೂ ಹೊಳೀಲಿಲ್ಲ."

ಆಕೆ ಬೈಯಲಿಲ್ಲ, ಅಳಲೂ ಇಲ್ಲ. ಚೀಲ ಹೆಗಲಿಗೇರಿಸಿಕೊಂಡು ಬಾಗಿಲವರೆಗೆ ಹೋಗಿ ನಿಂತಳು.

"ಹಾಗೇ ಇಟ್ಟಿರೋ ರಕ್ತ ಬೇರೆಯವ್ರದ್ದೂ ಇದೆಯಾ?"

ಬಾಕಿಯಕ್ಕ ಇದೆ ಎಂದರು.

"ಅವ್ರಿಗೆ ವಯಸ್ಸಾಗೋ ಮುಂಚೆ ಓದಿ."