ಸೇತುವೆ ದಾಟಿಸಿದೆ

ಗೌರಿಬಿದನೂರು ಸ್ಟೇಷನ್ನಿನ ಒಂದನೇ ಪ್ಲಾಟ್‌ಫಾರಂನಲ್ಲಿ, ಮೇಲ್ಸೇತುವೆಯ ಮೆಟ್ಟಿಲ ಬಳಿ ಕಣ್ಣು ಕಾಣದ ಹಿರಿಯರೊಬ್ಬರು ನಿಂತಿದ್ದರು. ನಾನು ಹೋದವಳೇ ಅವರ ಕೈ ಹಿಡಿದು ಮೆಟ್ಟಿಲು ಹತ್ತಿಸತೊಡಗಿದೆ. “ಅಮ್ಮಾ, ಒಂದ್ನಿಮಿಷ...” ಎಂದರು. “ಪರವಾಗಿಲ್ಲ ಬನ್ನಿ, ಬೆಂಗಳೂರು ಗಾಡಿ ಆ ಕಡೆಗೇ ಬರೋದು” ಎಂದು ಮಾತು ತಡೆದೆ. ಎರಡನೇ ಪ್ಲಾಟ್‌ಫಾರಂನ ಬೆಂಚಿನಲ್ಲಿ ಕೂರಿಸಿ ಒಳಗೊಳಗೇ ಬೀಗಿದೆ. ಅಷ್ಟರಲ್ಲಿ ಎದುರಿನ ಒಂದನೇ ಪ್ಲಾಟ್‌ಫಾರಂಗೆ ಹಿಂದೂಪುರದ ಗಾಡಿ ಬಂದು, ನಿಂತು, ಹೊರಟೂ ಹೋಯಿತು. ಸದ್ದು ಅಡಗುವವರೆಗೂ ಅವರು ಆ ಕಡೆಗೇ ಮುಖ ಮಾಡಿ ಕೂತಿದ್ದರು.

“ನಾನು ಹೋಗ್ಬೇಕಿದ್ದಿದ್ದು ಅದ್ರಲ್ಲೇ ಅಮ್ಮಾ. ಎಲ್ಲಿಗೆ ಅಂತ ನೀವು ಕೇಳ್ಲೇ ಇಲ್ಲ.”

ಬೈದಿದ್ದರೆ ಚೆನ್ನಾಗಿತ್ತು. ವಾಪಸ್ ಸೇತುವೆ ಹತ್ತುವಾಗ ಅವರ ಕೈ ಹಿಡಿಯಲು ನನಗೆ ಧೈರ್ಯ ಬರಲಿಲ್ಲ. ಅವರೇ ನನ್ನ ಭುಜದ ಮೇಲೆ ಕೈಯಿಟ್ಟರು.